ಖಾನಾಪುರದ ಮನೆಯ ಕೀಲಿಕೈ

ಖಾನಾಪುರ
ಸೋಮವಾರ, ೮ ಮಾರ್ಚ್ ೧೯೮೨

ಮಗಳು ಜೋಹರಾಳಿಗೆ ಅಮ್ಮಾ ಮಾಡುವ ದುವಾ.

ಕನ್ನಡದಲ್ಲಿ ಬರೆದಿದ್ದಾಳೆಂದು ಹುಬ್ಬೇರಿಸಬೇಡ. ಮನೆಮಾತಿನಲ್ಲಿ ಶುರು ಮಾಡಿದರೆ ಎರಡನೆಯ ಸಾಲಿಗೇ ನಿನ್ನನ್ನು ಬಯ್ಯುತ್ತೇನೆ, ಮೂರನೆಯ ಸಾಲಿಗೆ ನೀನು ಕಾಗದ ಹರಿಯುತ್ತೀ. ಶಾಲೆಯಲ್ಲಿ ಕಲಿತ ಭಾಷೆಯಲ್ಲಿ ನಾವಿಬ್ಬರೂ ಇನ್ನೂ ಜಗಳವಾಡಿಲ್ಲ. ಆರು ವರ್ಷದಿಂದ ನೀನು ಬೆಳಗಾವಿಯ ಕೋಟೆಯ ಹತ್ತಿರ ಬಾಡಿಗೆ ಖೋಲಿಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತಿದ್ದೀ. ನಮ್ಮ ನಡುವೆ ಇರುವುದು ಒಂದು ತಾಸಿನ ಬಸ್ಸಿನ ಹಾದಿ, ಆದರೂ ಒಂದು ಕಾಗದ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ವಿಷಯ ಈ ಮನೆಯದು. ಇದು ನಿನ್ನ ಅಬ್ಬಾನದಲ್ಲ, ನನ್ನ ಅಬ್ಬಾ ನನಗೆ ಕೊಟ್ಟದ್ದು. ಇದು ಪೂರ್ತಿ ನಿನಗೇ ಸೇರಬೇಕು. ನಿನ್ನ ಅಣ್ಣ ನಾಸೀರನಿಗೆ ಲೋಂಡಾದಲ್ಲಿ ರೈಲ್ವೆಯವರು ಕೊಟ್ಟ ಮನೆ ಇದೆ, ಅಬ್ಬಾನ ಹೊಲವೂ ಅವನ ಕೈಯಲ್ಲೇ ಇದೆ. ನಾನು ಸುಮ್ಮನೆ ಕಣ್ಣು ಮುಚ್ಚಿದರೆ ಈ ಮನೆಯಲ್ಲೂ ಅವನಿಗೆ ಎರಡು ಪಾಲು, ನಿನಗೆ ಒಂದು. ಅವನು ಕೆಟ್ಟವನಲ್ಲ. ಆದರೆ ಬಾಜೂ ಅಂಗಡಿಯವರು ಅವನು ಬಂದಾಗಲೆಲ್ಲ ಕರೆದು ಚಹಾ ಕುಡಿಸುತ್ತಿದ್ದಾರೆ. ಅವರಿಗೆ ಗೋದಾಮಿಗೆ ಜಾಗ ಬೇಕಂತೆ. ಮಾರಿಬಿಟ್ಟರೆ ನಿನ್ನ ಒಂದು ಪಾಲಿನಲ್ಲಿ ತಲೆಯ ಮೇಲೆ ಸೂರು ಬರುವುದಿಲ್ಲ.

ಎರಡು ವರ್ಷದ ಹಿಂದೆ ನಾನೊಂದು ಜಾಣತನ ಮಾಡಿದ್ದೆ. ಕಚೇರಿಯ ಮೆಟ್ಟಿಲ ಬಳಿ ಕೂತು ಕಾಗದಪತ್ರ ಬರೆದುಕೊಡುವ ಲಕ್ಷ್ಮಪ್ಪನಿಂದ ಮೃತ್ಯುಪತ್ರ ಬರೆಸಿ, ಮನೆ ಮಗಳಿಗೆ ಎಂದು ಸಹಿ ಹಾಕಿ, ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟಿದ್ದೆ. ಎಲ್ಲ ಮುಗಿಯಿತೆಂದು ನಿಶ್ಚಿಂತೆಯಿಂದಿದ್ದೆ. ಹೋದ ತಿಂಗಳು ನೆರೆಮನೆಯ ಬುಡನಸಾಬ ಅದನ್ನು ಓದಿ, ಇದು ನಮ್ಮವರಲ್ಲಿ ನಡೆಯುವುದು ಅನುಮಾನ, ಯಾರಾದರೂ ವಕೀಲರಿಗೆ ತೋರಿಸು ಎಂದ.

ಇಲ್ಲಿಯ ವಕೀಲರಲ್ಲಿ ಒಬ್ಬರು ನಾಸೀರನ ಜೊತೆ ಓದಿದವರು. ಇನ್ನೊಬ್ಬರ ಮನೆಯಲ್ಲಿ ಒಂದು ಮಾತು ಹೇಳಿದರೆ ಸಂತೆಯಲ್ಲಿ ಹೇಳಿದಂತೆ. ಹಾಗಾಗಿ ಬೆಳಗಾವಿಗೆ ಬಂದೆ. ಹೌದು, ಮೂರು ಸಲ ಬಂದಿದ್ದೆ, ನಿನಗೆ ತಿಳಿಸಲಿಲ್ಲ. ಮೊದಲ ವಕೀಲರು ನನ್ನ ಮಾತು ಮುಗಿಯುವ ಮುಂಚೆಯೇ ಮಗನ ಮೇಲೆ ದಾವೆ ಹೂಡೋಣ ಎಂದರು. ಮಗನ ಮೇಲೆ ನನಗೆಂಥ ದಾವೆ? ಎದ್ದು ಬಂದೆ. ಎರಡನೆಯವರು ಒಂದು ದಪ್ಪ ಪುಸ್ತಕ ತೆರೆದು, ನನ್ನನ್ನು ಬಿಟ್ಟು ಅದರ ಜೊತೆಗೇ ಇಂಗ್ಲಿಷಿನಲ್ಲಿ ಮಾತಾಡಿದರು. ಕೊನೆಗೆ ಕೋರ್ಟಿನ ಎದುರು ಟೈಪ್ ಮಾಡುವ ಕಾಂತಾ ಎಂಬಾಕೆ ನನ್ನ ಮುಖ ನೋಡಿ ಮರುಗಿದಳು. "ಕಲ್ಲಯ್ಯ ವಕೀಲರ ಕಡೆ ಹೋಗ್ರಿ. ಅವರು ಜಗಳ ಬೆಳಸೂದಿಲ್ಲ, ಅದಕ್ಕ ಅವರ ಕಡೆ ಮಂದೀನೂ ಕಡಿಮಿ" ಎಂದಳು.

ಹಣೆ ತುಂಬ ವಿಭೂತಿ ಬಳಿದುಕೊಂಡ ಮುದುಕರು. ಇವರಿಗೆ ನಮ್ಮ ಶರೀಅತ್ ಏನು ತಿಳಿದೀತು ಎಂದುಕೊಂಡೆ. ಅವರು ಮೊದಲು ಮನೆಯ ಉತಾರದ ಕಾಗದ ಕೇಳಿ, ಅದರಲ್ಲಿ ಮಾಲೀಕಳೆಂದು ನನ್ನ ಹೆಸರು ಇರುವುದನ್ನು ನೋಡಿದರು. ಆಮೇಲೆ ಮೃತ್ಯುಪತ್ರ ಓದಿ ಮೆಲ್ಲಗೆ ಮಡಚಿಟ್ಟರು. "ಅವ್ವಾರ, ವಾರಸದಾರರೊಳಗ ಒಬ್ಬರಿಗೆ ಹಿಂಗ ಬರದ್ರ ನಿಮ್ಮ ಕಾಯಿದಿಯೊಳಗ ಉಳದವರು ಹೂಂ ಅನ್ನಬೇಕ್ರಿ. ಅದೂ ನೀವು ಹೋದಮ್ಯಾಲ. ಆವಾಗ ಮಗಾ ಹೂಂ ಅನ್ನತಾನೇನು?" ಎಂದು ಕೇಳಿದರು. ಬಾಜೂ ಅಂಗಡಿಯವರ ಚಹಾದ ಮಾತು ಹೇಳಿದೆ. "ಹಂಗಾದ್ರ ಬದಕಿದ್ದಾಗನ ಕೊಟ್ಟಬಿಡ್ರಿ. ಹಿಬಾ ಮಾಡ್ರಿ" ಎಂದರು.

ಹಿಬಾ ಎಂದರೆ ದಾನ, ನಿನಗೂ ಗೊತ್ತು. ಅದರ ರೀತಿ ಮಾತ್ರ ನನಗೆ ಗೊತ್ತಿರಲಿಲ್ಲ. ಸಾಕ್ಷಿಗಳ ಎದುರು ಕೊಟ್ಟೆ ಎಂದು ನಾನು ಅನ್ನಬೇಕು, ತಗೊಂಡೆ ಎಂದು ನೀನು ಅನ್ನಬೇಕು. ಅಷ್ಟಾದರೂ ಸಾಲದು. ನಾನು ನನ್ನ ಸಾಮಾನು ತೆಗೆದುಕೊಂಡು ಮನೆಯಿಂದ ಹೊರಬಿದ್ದು, ಕೀಲಿಕೈ ನಿನ್ನ ಕೈಗಿಡಬೇಕು. ಎಷ್ಟು ದಿನ ಹೊರಗಿರಬೇಕು ಎಂದು ಕೇಳಿದೆ. "ಮನಿ ಖರೇನ ಆಕೀದಾತು ಅನ್ನೂದು ನಾಕು ಮಂದಿಗೆ ಕಾಣಬೇಕ್ರಿ. ಆಮ್ಯಾಲ ಆಕಿ ಕರದ್ರ ಒಳಗ ಬರ್ರಿ. ಕರೀಲಿಲ್ಲಂದ್ರ ಕೇಳೂ ಹಕ್ಕು ನಿಮಗಿಲ್ಲ" ಎಂದರು. ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಬಂದು, ಖಾನಾಪುರದ ಎರಡು ಬಸ್ಸು ಹೋಗಲು ಬಿಟ್ಟು ಕೂತಿದ್ದೆ.

ಯಾಕೆಂದು ನಿನಗೆ ಹೇಳಬೇಕಿಲ್ಲ. ನೀನು ಗಂಡನ ಮನೆ ಬಿಟ್ಟು ಪೆಟ್ಟಿಗೆ ಹಿಡಿದು ಬಂದ ದಿನ ಇದೇ ಬಾಗಿಲಲ್ಲಿ ನಿಂತು, ಇದು ನಿನ್ನ ಮನೆಯಲ್ಲ, ನಿನ್ನ ಮನೆ ಅಲ್ಲಿದೆ, ಹಿಂದಿರುಗು ಎಂದವಳು ನಾನು. ಅವನು ಹೊಡೆದ ಗುರುತು ನಿನ್ನ ಕುತ್ತಿಗೆಯ ಮೇಲಿತ್ತು. ನೋಡಿಯೂ ಬಾಗಿಲು ಹಾಕಿಕೊಂಡೆ. ಒಳಗೆ ಹೋಗಿ ರೊಟ್ಟಿ ಬಡಿಯುತ್ತಿದ್ದೆ, ನೀನು ಕಟ್ಟೆಯಿಂದ ಎದ್ದು ಹೋದದ್ದು ನನಗೆ ತಿಳಿಯಲಿಲ್ಲ. ಮಂದಿ ಏನೆಂದಾರು ಎಂದು ಹೆದರಿದ್ದೆ. ಆ ಮಂದಿಯಲ್ಲಿ ಒಬ್ಬರ ಹೆಸರೂ ಈಗ ನೆನಪಿಗೆ ಬರುವುದಿಲ್ಲ. ತಪ್ಪು ನನ್ನದು, ಜೋಹರಾ. ಮನೆ ಕೊಟ್ಟು ಅದನ್ನು ತೊಳೆದುಕೊಳ್ಳುತ್ತಿದ್ದೇನೆಂದು ತಿಳಿಯಬೇಡ, ಅಷ್ಟು ಸುಲಭವಲ್ಲವೆಂದು ನನಗೂ ಗೊತ್ತು.

ಬರುವ ರವಿವಾರ ಹತ್ತು ಗಂಟೆಗೆ ಬಾ. ವಕೀಲರು ತಾವೇ ಬರುತ್ತಾರೆ, ಅವರು ಮತ್ತು ಬುಡನಸಾಬ ಸಾಕ್ಷಿ. ಕದ್ದು ಕೊಟ್ಟಂತಾಗಬಾರದೆಂದು ನಾಸೀರನಿಗೂ ಬರೆದಿದ್ದೇನೆ. ಅವನು ಸಿಟ್ಟಾದರೆ ನಾನು ನೋಡಿಕೊಳ್ಳುತ್ತೇನೆ. ನೀನು ಬಂದು ತಗೊಂಡೆ ಎಂಬ ಒಂದು ಮಾತು ಹೇಳದಿದ್ದರೆ ಮಾತ್ರ ಇದ್ಯಾವುದೂ ನಡೆಯುವುದಿಲ್ಲ. ನನ್ನ ಮುಖ ನೋಡಿ ಹೇಳಬೇಕೆಂದಿಲ್ಲ, ವಕೀಲರ ಮುಖ ನೋಡಿ ಹೇಳು.

ನನ್ನ ಚಿಂತೆ ಬೇಡ. ನಂದಗಡದ ನನ್ನ ತಂಗಿ, ನಿನ್ನ ಬೀಬಿಜಾನ ಖಾಲಾ, ತನ್ನ ಮನೆಗೆ ಬಂದು ಇರೆಂದು ಹಟ ಹಿಡಿದಿದ್ದಾಳೆ. ಪಾತ್ರೆ, ಹಾಸಿಗೆ ಆಗಲೇ ಕಟ್ಟಿದ್ದೇನೆ. ಹಿತ್ತಲ ಬಾಗಿಲ ಅಗುಳಿ ಸ್ವಲ್ಪ ಎತ್ತಿ ಹಾಕಬೇಕು, ಇಲ್ಲದಿದ್ದರೆ ಬೀಳುವುದಿಲ್ಲ. ನಿನ್ನ ಮಷಿನಿಗೆ ಬೀದಿಯ ಕಡೆಯ ಕಿಟಕಿ ಒಳ್ಳೆಯದು, ಮಧ್ಯಾಹ್ನದವರೆಗೂ ಬೆಳಕು ಇರುತ್ತದೆ.

ದುವಾಗಳೊಂದಿಗೆ,
ನಿನ್ನ ಅಮ್ಮಾ
ಹುಸೇನಬೀ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಎರಡು ಸುಳ್ಳು ಬರೆದಿದ್ದೇನೆ. ಬೀಬಿಜಾನ ಕರೆದಿಲ್ಲ, ಅವಳು ಹೋದ ತಿಂಗಳೇ ಮನೆಗೆ ಬೀಗ ಹಾಕಿ ಮಗನ ಹತ್ತಿರ ಹುಬ್ಬಳ್ಳಿಗೆ ಹೋಗಿದ್ದಾಳೆ. ಕೀಲಿಕೈ ಕೊಟ್ಟ ಮೇಲೆ ನಾನು ಗಂಟಿನ ಜೊತೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಕರೆಯಲೇಬೇಕೆಂದಿಲ್ಲ. ಇನ್ನೊಂದು, ಆ ದಿನ ನಾನು ರೊಟ್ಟಿ ಬಡಿಯುತ್ತಿರಲಿಲ್ಲ. ನೀನು ಮಧ್ಯಾಹ್ನದ ನಮಾಜಿನಿಂದ ಇಳಿಹೊತ್ತಿನ ಅಸರ್‌ ನಮಾಜಿನ ತನಕ ಕಟ್ಟೆಯ ಮೇಲೆ ಕೂತಿದ್ದೆ, ಎರಡು ಸಲ ನೀರು ಕೇಳಿದೆ. ಅಷ್ಟು ಹೊತ್ತೂ ನಾನು ಬಾಗಿಲ ಹಿಂದೆ, ತುಂಬಿದ ತಂಬಿಗೆ ಹಿಡಿದು ನಿಂತಿದ್ದೆ.