ಶುಕ್ರವಾರ ಬಾರದ ಗಾಡಿ

ಗೊರುಮೆ, ಸಿಂಬು ಪ್ರಾಂತ್ಯ
ಭಾನುವಾರ, ಆಗಸ್ಟ್ ೧೪

ನನ್ನ ಹೊಟ್ಟೆಯ ಕುಡಿ ಜೆಂತಾಳಿಗೆ,

ನಿನ್ನ ಅಮ್ಮನ ಮುತ್ತುಗಳು. ಪುಟ್ಟಿ ರೂತಾಳ ಹಣೆಗೂ ಒಂದು.

ತರಕಾರಿ ಲಾರಿಯ ಮೋಸಸ್ ತಂದ ನಿನ್ನ ಚೀಟಿ ನನಗೆ ಮಂಗಳವಾರವೇ ತಲುಪಿತ್ತು. ಶುಕ್ರವಾರ ನನ್ನ ಗಂಡ ಸಿಯುನೆ ಕಾಫಿ ಮಾರಲು ಗೊರೊಕಾ ಪೇಟೆಗೆ ಹೋಗುತ್ತಾನೆ, ಮಗುವನ್ನೆತ್ತಿಕೊಂಡು ಜಲಪಾತದ ತಿರುವಿನಲ್ಲಿ ಕೂತಿರುತ್ತೇನೆ, ಪೊಲೀಸರನ್ನು ಕರೆದುಕೊಂಡೇ ಬಾ ಅಮ್ಮಾ, ಒಬ್ಬಳೇ ಬಂದರೆ ಅವನ ಅಣ್ಣತಮ್ಮಂದಿರು ನಮ್ಮನ್ನು ಬಿಡುವುದಿಲ್ಲ ಎಂದು ಬರೆದಿದ್ದೆ. ಚೀಟಿಯೇ ಸಿಗಲಿಲ್ಲ ಎಂದು ನಾನು ಸುಳ್ಳು ಹೇಳಬಹುದಿತ್ತು. ಹೇಳುವುದಿಲ್ಲ. ನಾನು ಹೊರಟಿದ್ದೆ, ನನ್ನವ್ವ. ಬರಲಾಗಲಿಲ್ಲ. ಹೇಗಾಯಿತೆಂದು ಬರೆಯುತ್ತೇನೆ. ಓದಿ ಆಮೇಲೆ ಎಷ್ಟು ಬೇಕಾದರೂ ಬೈಯಿ.

ನಮ್ಮ ಠಾಣೆಯ ಪಾಡು ನಿನಗೆ ಗೊತ್ತೇ ಇದೆ. ಗಾಡಿ ಇದೆ, ಪೊಲೀಸರಿದ್ದಾರೆ, ಡೀಸೆಲ್ ಮಾತ್ರ ದೂರು ಕೊಡುವವರು ತರಬೇಕು. ನಮ್ಮ ಕಪ್ಪು ಹಂದಿಮರಿಯನ್ನು ಮೋಸಸ್‌ಗೆ ಕೊಟ್ಟು, ಅವನ ಲಾರಿಯಿಂದ ಹಳದಿ ಕ್ಯಾನಿನ ತುಂಬ ಎಣ್ಣೆ ಇಳಿಸಿಕೊಂಡೆ. ಇಪ್ಪತ್ತು ಲೀಟರು. ಹೆಣೆದ ಚೀಲದಲ್ಲಿ ಅದನ್ನಿಟ್ಟು, ಚೀಲದ ಪಟ್ಟಿಯನ್ನು ಹಣೆಗೆ ಕೊಟ್ಟು, ಬೆನ್ನಿಗೆ ಇಳಿಬಿಟ್ಟು ಬೆಳಗಿನ ಮಂಜಿನಲ್ಲೇ ಬೆಟ್ಟ ಇಳಿದೆ. ಎಂಟು ಗಂಟೆಗೆಲ್ಲ ಠಾಣೆಯ ಮೆಟ್ಟಿಲ ಮೇಲಿದ್ದೆ.

ಪಾಳಿಯಲ್ಲಿದ್ದವನು ಕಾನ್‌ಸ್ಟೇಬಲ್ ಕೌಪಾ. ಒಳ್ಳೆಯವನೇ. ಬಾಯಿ ತುಂಬ ಅಡಿಕೆ, ಕಾಲಿಗೆ ಬೂಟಿನ ಬದಲು ಹವಾಯಿ ಚಪ್ಪಲಿ. "ಕ್ಯಾನ್ ಇಲ್ಲಿಟ್ಟು ಮನೆಗ್ ಹೋಗಮ್ಮಾ, ನಿನ್ ಮಗಳನ್ನ ನಾನ್ ಕರ್ಕೊಂಡ್ ಬರ್ತೀನಿ" ಅಂದ.

"ಕ್ಯಾನ್ ಇಟ್ಟು ಮನೆಗ್ ಹೋದೋರ ಕಥೆ ಬೇಕಾದಷ್ಟು ಕೇಳಿದೀನಪ್ಪಾ. ಎಣ್ಣೆ ಎಲ್ಲೋ ನಾನೂ ಅಲ್ಲೇ" ಅಂದೆ ನಾನು.

ಅವನು ಬಿದ್ದು ಬಿದ್ದು ನಕ್ಕ. "ಹಂಗಾದ್ರೆ ಇವತ್ತು ನೀನೇ ನಮ್ ಇನ್‌ಸ್ಪೆಕ್ಟ್ರಮ್ಮ. ಹತ್ತು, ಮುಂದೆ ಕೂತ್ಕೋ. ಆದ್ರೆ ಒಂದ್ ಮಾತು, ನಂದು ಗಸ್ತು ಪಾಳಿ. ದಾರೀಲಿ ಯಾರಾದ್ರೂ ಕೈ ಅಡ್ಡ ಹಾಕಿದ್ರೆ ನಾನು ನಿಲ್ಲಿಸ್ಲೇಬೇಕು." ಆಗಲಿ ಅಂದೆ. ಅರ್ಧ ಎಣ್ಣೆಯನ್ನು ಟ್ಯಾಂಕಿಗೆ ಸುರಿದ. ಉಳಿದರ್ಧವನ್ನು ನಾನು ಕಾಲ ನಡುವೆ ಇಟ್ಟುಕೊಂಡು ಮೇಲೆ ಚೀಲ ಮುಚ್ಚಿದೆ. ಇಬ್ಬರು ಹುಡುಗ ಪೊಲೀಸರು ನೂಕಿದ ಮೇಲೆ ಗಾಡಿ ಚಾಲೂ ಆಯಿತು. ಇನ್ನು ಸಂಜೆಯವರೆಗೆ ಎಂಜಿನ್ ಆರಿಸುವಂತಿಲ್ಲ, ಆರಿಸಿದರೆ ನೂಕುವವರಿಲ್ಲ ಎಂದು ಕೌಪಾ ಹೇಳಿದಾಗ ನಾನು ಎಣ್ಣೆ ತೋರಿಸುವ ಮುಳ್ಳಿನ ಮೇಲೆ ಕಣ್ಣಿಟ್ಟೆ.

ಸಂತೆಯಲ್ಲೇ ಮೊದಲ ತಡೆ. ಯಾರದೋ ಹಂದಿ ಯಾರದೋ ಗೆಣಸಿನ ತೋಟಕ್ಕೆ ನುಗ್ಗಿತ್ತಂತೆ. ಎರಡು ಕಡೆಯ ಹೆಂಗಸರು ಜುಟ್ಟು ಹಿಡಿದು ನಿಂತಿದ್ದರು. ಕೌಪಾ ಇಳಿದು ನ್ಯಾಯ ಮಾಡಲು ಕೂತ. ಮುಕ್ಕಾಲು ತಾಸು. ಗಾಡಿ ನಿಂತಲ್ಲೇ ಗುರ್ ಎನ್ನುತ್ತಿತ್ತು, ನಾನು ಮುಳ್ಳನ್ನೇ ನೋಡುತ್ತಿದ್ದೆ. ಕೊನೆಗೆ ತಡೆಯಲಾರದೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏ ಹಾಳಾದವರಾ, ನಿಮ್ಮ ಗೆಣಸಿಗೆ ನನ್ನ ಎಣ್ಣೆ ಉರೀತಿದೆ ಕಣ್ರೇ!" ಎಂದು ಕೂಗಿದೆ. ಒಬ್ಬಳು ತಿರುಗಿ, "ಓಹೋ, ಪೊಲೀಸಪ್ಪ ಹೊಸ ಹೆಂಡ್ತಿ ಕಟ್ಕೊಂಡ!" ಅಂದಳು. ಜಗಳ ಬಿಟ್ಟು ಸಂತೆಗೆ ಸಂತೆಯೇ ನಕ್ಕಿತು. ನನಗೆ ಅಳು ಬಂತು.

ಆಮೇಲೆ ದಾರಿ ಚೆನ್ನಾಗಿಯೇ ಸಾಗಿತು. ಮುರಿದ ಸೇತುವೆ ದಾಟಿದೆವು. ನಿಮ್ಮ ಬೆಟ್ಟದ ನೆತ್ತಿ ಕಾಣಿಸಿತು ಜೆಂತಾ, ಜಲಪಾತದ ಬಿಳಿ ಗೆರೆ ಕೂಡ ಕಾಣಿಸಿತು. ಇನ್ನು ಒಂದು ತಾಸು ಅಂದ ಕೌಪಾ. ಅಷ್ಟರಲ್ಲಿ ನಾಲ್ವರು ಹೆಂಗಸರು ಕಂಬಳಿಯ ಜೋಲಿಯಲ್ಲಿ ಒಬ್ಬಳನ್ನು ಹೊತ್ತು ಎದುರಿಗೆ ಬಂದರು. ನಿನ್ನೆಯಿಂದ ನೋವು, ಮಗುವಿನ ಕೈ ಮೊದಲು ಹೊರಬಂದಿದೆ, ಈ ಕಡೆಯ ಔಷಧಿ ಗುಡಿಸಲಿಗೆ ಬೀಗ. ಅವಳ ತಾಯಿ ಗಾಡಿಯ ಮುಂದೆ ರಸ್ತೆಯಲ್ಲೇ ಕೂತುಬಿಟ್ಟಳು. ನನ್ನ ವಯಸ್ಸಿನವಳು. ಕೌಪಾ ನನ್ನ ಮುಖ ನೋಡಿದ. ತಿರುಗಿಸಪ್ಪಾ ಅಂದೆ. ಅದಕ್ಕಾಗಿ ನೀನು ನನ್ನನ್ನು ಬೈಯಲಾರೆ. ನೀನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ದೊಡ್ಡಾಸ್ಪತ್ರೆಗೆ ಬಂದಾಗ ಎರಡು ಗಂಟೆ. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಜಗಲಿಯಲ್ಲಿ ಇನ್ನೊಬ್ಬ ಗಂಡಸು ಗೋಡೆಗೊರಗಿ ಕೂತಿದ್ದ, ಪಕ್ಕೆಯಲ್ಲಿ ಮುರಿದ ಬಾಣ. ಓಡಿಬಂದ ತಂಗಿಯನ್ನು ಮನೆಯೊಳಗೆ ಸೇರಿಸಿಕೊಂಡದ್ದಕ್ಕೆ ಗಂಡನ ಕುಲದವರು ಹೊಡೆದದ್ದಂತೆ. ನಿನ್ನ ಅಣ್ಣ ಆರೋನನಷ್ಟೇ ಪ್ರಾಯ. ಅವನ ಹೆಂಡತಿ ನೊಣ ಓಡಿಸುತ್ತಿದ್ದಳು. ನಾನು ಬಹಳ ಹೊತ್ತು ಅಲ್ಲಿ ನಿಂತಿದ್ದೆ.

ಆಮೇಲೆ ಎಣ್ಣೆ ಮುಗಿದಿತ್ತು. ಮುಳ್ಳು ಕೆಳಗೆ ಕೂತಿತ್ತು. ಕೌಪಾ ಗಾಡಿಯನ್ನು ಆಸ್ಪತ್ರೆಯ ಅಂಗಳದಲ್ಲೇ ಆರಿಸಿ ನಿಲ್ಲಿಸಿದ. ನಾನು ಚೀಲ ಹೊತ್ತು ನಡೆದೇ ಮನೆ ಸೇರಿದೆ. ನಡುವೆ ಎಷ್ಟು ಸಲ ಕೂತೆನೋ. ಹಣೆಯಲ್ಲಿ ಪಟ್ಟಿಯ ಗುರುತು ಇನ್ನೂ ಹೋಗಿಲ್ಲ, ಮುಟ್ಟಿದರೆ ನೋಯುತ್ತದೆ.

ನಿನ್ನೆ ಮೋಸಸ್ ಬಂದಿದ್ದ. ಶುಕ್ರವಾರ ಎರಡು ಸಲ ನಿನ್ನನ್ನು ತಿರುವಿನಲ್ಲಿ ನೋಡಿದನಂತೆ. ಬೆಳಿಗ್ಗೆ ಹೋಗುವಾಗ ಮಗುವಿಗೆ ಗೆಣಸು ತಿನ್ನಿಸುತ್ತಿದ್ದೆಯಂತೆ. ಸಂಜೆ ನಾಲ್ಕಕ್ಕೆ ಮರಳುವಾಗಲೂ ಅಲ್ಲೇ ಇದ್ದೆಯಂತೆ. ಮಗು ನಿದ್ದೆಹೋಗಿತ್ತಂತೆ. ಹತ್ತು, ಕರೆದೊಯ್ಯುತ್ತೇನೆ ಅಂದರೆ, "ಬೇಡ ಅಣ್ಣಾ, ಅಮ್ಮ ಬರ್ತಾಳೆ. ದಾರೀಲಿದಾಳೆ" ಅಂದೆಯಂತೆ. ಅವನ ಹಿಂದೆಯೇ ಬಂದ ಇನ್ನೊಂದು ಲಾರಿಯಿಂದ ಸಿಯುನೆ ಇಳಿದನಂತೆ. ಮುಂದೆ ಏನಾಯಿತೆಂದು ಮೋಸಸ್ ಹೇಳಲೊಲ್ಲ. ನಾನು ಅವನ ಅಂಗಿ ಹಿಡಿದು ಕೇಳಿದ ಮೇಲೆ, ನಿನ್ನೆ ಬೆಳಿಗ್ಗೆ ನೀನು ಕಂಡಾಗ ನಿನ್ನ ಕೈಗೆ ಬಟ್ಟೆ ಸುತ್ತಿದ್ದರು, ತುಂಬ ಬಟ್ಟೆ ಸುತ್ತಿದ್ದರು ಎಂದಷ್ಟೇ ಹೇಳಿ ಲಾರಿ ಹತ್ತಿದ.

ಯಾವ ಕೈ, ಮಗಳೇ? ಬಲಗೈಯಾದರೆ ಉತ್ತರ ಬರೆಯುವ ಕಷ್ಟ ಬೇಡ. ಈ ಪತ್ರವನ್ನು ಪಾದ್ರಿಯ ಹೆಂಡತಿ ತಂದುಕೊಡುತ್ತಾಳೆ. ಅವಳ ಹತ್ತಿರ ಒಂದು ಮಾತು ಹೇಳಿ ಕಳಿಸಿದರೆ ಸಾಕು. ಓದಿದ ಮೇಲೆ ಒಲೆಗೆ ಹಾಕು. ಸಿಯುನೆಗೆ ಎದುರು ಮಾತಾಡಬೇಡ. ಮಗುವನ್ನು ಗೋಡೆಯ ಕಡೆಗೆ ಮಲಗಿಸಿಕೋ.

ನಿನ್ನ ಅಮ್ಮ,
ಡೋರ್ಕಾಸ್

ಮರೆತ ಮಾತು: ಮರೆತದ್ದಲ್ಲ. ಪತ್ರ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಆಸ್ಪತ್ರೆಯ ಅಂಗಳದಲ್ಲಿ ಕೌಪಾ, "ಹೊತ್ತಿನ್ನೂ ಇದೆ ಕಣಮ್ಮಾ, ಕ್ಯಾನಲ್ಲಿ ಅರ್ಧ ಇರ್ಬೇಕಲ್ಲ, ಕೊಡು, ಸುರ್ಕೊಂಡ್ ಹೋಗ್ಬಿಡಾಣ" ಅಂದ. ನಾನು, "ಗುಂಡಿ ದಾರೀಲಿ ಎಲ್ಲಾ ಚೆಲ್ಲೋಯ್ತಪ್ಪಾ" ಅಂದೆ. ಅವನು ನನ್ನ ಚೀಲವನ್ನು ನೋಡಿದ, ನನ್ನನ್ನು ನೋಡಿದ, ಎಂಜಿನ್ ಆರಿಸಿದ. ನಿನ್ನ ಅಪ್ಪನ ಎದೆಯಿಂದ ಬಾಣ ಕಿತ್ತವಳು ನಾನು. ಆ ಜಗಲಿಯಲ್ಲಿ ಕೂತಿದ್ದವನ ಮುಖ ನನಗೆ ಆರೋನನ ಮುಖವಾಗಿ ಕಂಡಿತು. ನಿನ್ನನ್ನು ಕರೆತಂದರೆ ಸಿಯುನೆಯ ಕುಲದವರು ನಮ್ಮ ಮನೆಗೂ ಬರುತ್ತಿದ್ದರು. ಇಬ್ಬರಲ್ಲಿ ಒಬ್ಬರನ್ನು ಇಟ್ಟುಕೊಂಡೆ, ಜೆಂತಾ. ಎಂಜಿನ್ ಆರಿದಾಗ ನನಗೆ ಸಮಾಧಾನವೇ ಆಯಿತು, ಅದನ್ನೂ ಬರೆಯುತ್ತೇನೆ. ಎಣ್ಣೆ ನನ್ನ ಮಂಚದ ಕೆಳಗಿದೆ. ಇವತ್ತು ಎರಡು ಸಲ ಹೊರಗೆಳೆದು ನೋಡಿದೆ, ಎರಡು ಸಲವೂ ಒಳಗೆ ತಳ್ಳಿದೆ. ನೀನು ಇನ್ನು ತಿರುವಿಗೆ ಬಂದು ಕಾಯಬೇಡ.