ದೋಣಿಯ ಆರು ನಿಮಿಷ

ಅಕ್ಟೋಬರ್ 4, ಶನಿವಾರ

ಈ ಪುಸ್ತಕ ಬಿಚ್ಚಿದವಳು ಯಾರೇ? ಹಿಲ್ಮಾ, ನೀನೇ ಅಂತ ಗೊತ್ತು. ಅಜ್ಜಿಯ ದಿನಚರಿ ಕದ್ದು ಓದೋಕೆ ನಾಚಿಕೆಯಾಗಲ್ವಾ? ಗೋಲು ಕಾಯೋ ಕೈಗೆ ಇದೂ ಒಂದು ಕೆಲಸವಾ?

ಇವತ್ತು ಈ ವರ್ಷದ ಕೊನೇ ಫುಟ್‌ಬಾಲ್ ಪಂದ್ಯ. ಗೆದ್ದರೆ ನಮ್ಮೂರ ಹೆಣ್ಣುಮಕ್ಕಳ ತಂಡ ಲೀಗಿನ ಮೂರನೇ ದರ್ಜೆಗೆ ಏರೋದು, ಇಲ್ಲದಿದ್ದರೆ ನಾಲ್ಕರಲ್ಲೇ ಕೊಳೆಯೋದು. ಎರಡು-ಒಂದರಲ್ಲಿ ನಾವೇ ಮುಂದಿದ್ದೆವು. ಕೊನೇ ಗಳಿಗೆಯಲ್ಲಿ ಚೆಂಡು ಹೋಗಿ ಮೈದಾನದ ಪಕ್ಕದ ಸರೋವರಕ್ಕೆ ಬಿತ್ತು. ಇನ್ನೊಂದು ಚೆಂಡಿಗೆ ಗಾಳಿಯಿಲ್ಲ. ನೀರಿಗೆ ಬಿದ್ದ ಚೆಂಡು ತರೋದು ಹನ್ನೊಂದು ವರ್ಷದಿಂದ ನನ್ನ ದೋಣಿಯ ಕೆಲಸ.

ಬೇಕರಿಯ ಟೂರೆ ದಡದಿಂದ ಕೂಗಿದ, "ಡಾಗ್ನಿ ಅಜ್ಜೀ, ಅವಸರ ಬೇಡ, ಸೊಂಟ ಉಳುಕೀತು!"

ಅವನ ಇಂಗಿತ ನನಗೆ ತಿಳೀತು: ಹೊತ್ತು ಕಳೆದರೆ ಗೆಲುವು ನಮ್ಮದೇ. ಬಾತುಕೋಳಿಗಳನ್ನು ಮಾತಾಡಿಸಿಕೊಂಡು ನಿಧಾನಕ್ಕೆ ಹುಟ್ಟು ಹಾಕಿದೆ.

ರೆಫರಿ ಹುಡುಗಿ ಕುರುಡಿಯಲ್ಲ. ನನ್ನ ದೋಣಿ ತಿಂದ ಆರು ನಿಮಿಷವನ್ನೂ ಆಟಕ್ಕೆ ಸೇರಿಸಿದಳು. ಅದರ ಮೊದಲನೇ ನಿಮಿಷದಲ್ಲೇ ಎದುರು ತಂಡದವರು ಗೋಲು ಹೊಡೆದು ಸಮ ಮಾಡಿದರು.

"ಎಲ್ಲ ಹಾಳು ಮಾಡಿದೆಯಲ್ಲ ಅಜ್ಜಿ!" ಅಂದ ಟೂರೆ.

"ಹೇಳಿಕೊಟ್ಟವನು ನೀನೇ ಅಲ್ವೇನೋ, ಹಿಟ್ಟಿನ ಮುಸುಡಿಯವನೇ!" ಅಂದೆ.

ಆರನೇ ನಿಮಿಷದಲ್ಲಿ, ಹಿಲ್ಮಾ, ನೀನು ನಿನ್ನ ಗೋಲನ್ನೇ ಬಿಟ್ಟು ಆಚೆ ತುದಿಗೆ ಓಡಿ ಚೆಂಡಿಗೆ ತಲೆ ಕೊಟ್ಟೆಯಲ್ಲ! ಗೆದ್ದೆವು ಕಣೇ. ಕಾಫಿ ಫ್ಲಾಸ್ಕಿನ ಸಮೇತ ಟೂರೆ ನನ್ನನ್ನು ಎತ್ತಿ ಕುಣಿಸಿದ. ಗೋಲು ನಿನ್ನದು, ಒಪ್ಪಿದೆ. ಆ ಆರು ನಿಮಿಷ ಮಾತ್ರ ನನ್ನದು. ಇನ್ನೂ ನಗು ನಿಲ್ಲುತ್ತಿಲ್ಲ, ಕೈ ಸೋತಿದೆ.

ಮೂರನೇ ದರ್ಜೆಯಲ್ಲೂ ದೋಣಿ ನನಗೇ ತಾನೇ? ನವೆಂಬರ್ ಹುಟ್ಟೋದರೊಳಗೆ ಇದರ ಕೆಳಗೇ ಉತ್ತರ ಬರಿ.