ಪಟ್ಟಿಯಲ್ಲಿಲ್ಲದ ಒಲೆ

ಟ್ಯೂನಿಸ್, ಮಂಗಳವಾರ

ಅಜ್ಜಿ, ನಿನ್ನ ಎರಡೂ ಕೈಗೆ ಮುತ್ತು.

ತಾಳವಾದ್ಯ ಕಲಿಯಲು ಇಲ್ಲಿಗೆ ಸೇರುವವರು ತರಬೇಕಾದ ಸಾಮಾನಿನ ಪಟ್ಟಿಯನ್ನು ವಿಶ್ವವಿದ್ಯಾಲಯದ ಬಾಗಿಲಿಗೇ ಅಂಟಿಸಿದ್ದಾರೆ. ನಾಲ್ಕು ಜೊತೆ ಕೋಲು, ಬಡಿದರೂ ಸದ್ದಾಗದ ರಬ್ಬರ್ ಹಲಗೆ, ಆ ಇಲ್ಲದ ಸದ್ದು ಕೇಳಿಸದಂತೆ ಕಿವಿಗೆ ಬಿರಡೆ, ತುದಿಗೆ ರಬ್ಬರಿರುವ ಪೆನ್ಸಿಲ್. ನಾನು ನೀನು ಕೊಟ್ಟ ಬೆಂದೀರ್ ತಮಟೆಯೊಂದನ್ನೇ ಬಗಲಲ್ಲಿಟ್ಟುಕೊಂಡು ಹೋದೆ.

"ಪಟ್ಟೀಲಿ ಇದಿಲ್ವಲ್ಲಮ್ಮಾ. ಪೆನ್ಸಿಲ್ ಎಲ್ಲಿ?" ಎಂದರು ನಮ್ಮ ಮೇಷ್ಟ್ರು ಸೀ ಶಾದ್ಲಿ. ಪೆನ್ಸಿಲ್ ಇರಲಿಲ್ಲ. ಮೊದಲ ದಿನವಿಡೀ ಹೊರಗೆ ಕುಳಿತು ಘನ ವಿದ್ಯೆ ಸಂಪಾದಿಸಿದೆ.

ನಿನ್ನೆ ನಾವು ಬಾರಿಸುವುದನ್ನು ಕೇಳಿ, ನಮ್ಮ ವಿಭಾಗ ಇರಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು ಡೀನ್ ಬಂದಿದ್ದರು. ಸಮುದ್ರದ ತೇವಕ್ಕೆ ಬೆಂದೀರ್‌ಗಳ ಚರ್ಮವೆಲ್ಲ ನೆನೆದ ರೊಟ್ಟಿಯಂತೆ ಜೋತುಬಿದ್ದಿತ್ತು. ಸೀ ಶಾದ್ಲಿ ಉಪಾಯಕ್ಕಾಗಿ ಪುಸ್ತಕ ತಿರುವುತ್ತ ನಿಂತರು. ನಾನು ಒಂದನ್ನೆತ್ತಿಕೊಂಡು ಹೋಗಿ, ಕಾವಲುಗಾರನ ಚಹಾ ಒಲೆಯ ಮೇಲೆ ನೀನು ಮಾಡುವ ಹಾಗೆಯೇ ತಿರುಗಿಸಿ ಕಾಯಿಸಿ, ಚರ್ಮ ಬಿಗಿಯಾದ ಮೇಲೆ ತಂದೆ. ಒಂದೇ ಪೆಟ್ಟಿಗೆ ಡೀನ್ ತೂಕಡಿಕೆ ಬಿಟ್ಟರು.

"ಇದನ್ನ ಎಲ್ಲಿ ಕಲಿತೆ, ಪ್ಯಾರಿಸ್ಸಲ್ಲಾ?" ಎಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ, ನಮ್ಮೂರು ತೋಜರಲ್ಲಿ. ನಮ್ಮಜ್ಜಿ ಅಡುಗೆಮನೇಲಿ."

ವಿಭಾಗ ಉಳಿಯಿತು. ಪಟ್ಟಿಯಲ್ಲಿ ಈಗ ಒಲೆಯೂ ಸೇರಿದೆ. ನಿನ್ನನ್ನು ಒಂದು ದಿನ ಪಾಠ ಹೇಳಲು ಕರೆಸುತ್ತಾರಂತೆ.

ಆರೋಗ್ಯ ಚೆನ್ನಾಗಿದೆ. ಬ್ಸೀಸಾ ಹಿಟ್ಟು ಮುಗಿದಿದೆ, ಬರುವಾಗ ತಾ. ಈ ಅಂಚೆ ಕಾರ್ಡಿನಲ್ಲಿ ಜಾಗವೂ ಮುಗಿಯಿತು. ಪೆನ್ಸಿಲ್ ಮಾತ್ರ ಮರೆಯಬೇಡ ಅಜ್ಜಿ, ನಿನ್ನನ್ನೂ ಹೊರಗೆ ಕೂರಿಸಿಬಿಟ್ಟಾರು.

ದಲಂದಾ